ವಕೀಲರಾಗಿ, ಶಾಸಕರಾಗಿ ಡಾ. ಬಿ. ಆರ್. ಅಂಬೇಡ್ಕರ್

ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ, ಪೂರ್ವಜ್ಞಾನ ತಿಳಿಯುವುದಕ್ಕೆಂದು ನಾನು ಮಕ್ಕಳನ್ನು ಡಾ. ಅಂಬೇಡ್ಕರರ ಬಗ್ಗೆ ಕೇಳಿದೆ. ಎರಡು ಉತ್ತರಗಳು ಒಟ್ಟಿಗೇ ಬಂದವು. ಅವರು ಸಂವಿಧಾನ ಬರೆದರು, ಚಿಕ್ಕಂದಿನಲ್ಲಿ ಬಹಳ ಕಷ್ಟಪಟ್ಟರು. ಇವೆರಡರ ನಡುವೆ ಏನು ನಡೆಯಿತು ಎಂಬುದಕ್ಕೆ ಯಾರ ಕೈಯೂ ಮೇಲೇಳಲಿಲ್ಲ. ಗೋಣಿಚೀಲದ ಮೇಲೆ ಕುಳಿತ ಬಾಲಕ ನೇರವಾಗಿ ಸಂವಿಧಾನ ಶಿಲ್ಪಿಯಾಗಿಬಿಟ್ಟ ಎಂಬಂತೆ ಈ ಜೀವನಚರಿತ್ರೆ ಮಕ್ಕಳ ಮನಸ್ಸಿನಲ್ಲಿ ಕುಳಿತಿದೆ.

ಆ ಖಾಲಿ ಜಾಗವನ್ನು ತುಂಬುವುದು ಈ ಲೇಖನದ ಉದ್ದೇಶ. 1923ರಿಂದ 1942ರವರೆಗೆ, ಅಂದರೆ ತಮ್ಮ 32ನೇ ವಯಸ್ಸಿನಿಂದ 51ರವರೆಗೆ, ಅಂಬೇಡ್ಕರರು ಮುಂಬಯಿಯಲ್ಲಿ ವಕೀಲರಾಗಿದ್ದರು. 1927ರಿಂದ ಅದೇ ಪ್ರಾಂತದ ಶಾಸನಸಭೆಯಲ್ಲೂ ಕುಳಿತರು. ಆಗಿನ ಮುಂಬಯಿ ಪ್ರಾಂತದಲ್ಲಿ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಸೇರಿದ್ದವು. ಆದ್ದರಿಂದ ಆ ಸಭೆಯಲ್ಲಿ ನಡೆದ ಚರ್ಚೆ ನಮ್ಮ ಅಜ್ಜ ಮುತ್ತಜ್ಜಂದಿರ ಬದುಕಿಗೂ ಸಂಬಂಧಿಸಿದ್ದು. ಎರಡು ಅವಧಿಗಳಲ್ಲಿ ನಾನು ಮಕ್ಕಳಿಗೆ ಹೇಳಿದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ಸೇನಾ ನೆಲೆಯಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ಸೈನಿಕ ಶಾಲೆಯಲ್ಲಿ ಪಾಠ ಹೇಳಿದವರು. ತಾಯಿ ಭೀಮಾಬಾಯಿ. ಪೂರ್ವಿಕರ ಊರು ಕೊಂಕಣದ ರತ್ನಾಗಿರಿ ಜಿಲ್ಲೆಯಲ್ಲಿ. ಮಹಾರ್ ಜಾತಿಯ ಈ ಕುಟುಂಬಕ್ಕೆ ಸೈನ್ಯದ ನೌಕರಿಯಿಂದಾಗಿ ಅಕ್ಷರ ದೊರಕಿತ್ತು. ಆದರೆ ಅಸ್ಪೃಶ್ಯತೆ ಬಿಟ್ಟಿರಲಿಲ್ಲ.

1900ರ ನವೆಂಬರ್ 7ರಂದು ಸಾತಾರಾದ ಸರ್ಕಾರಿ ಶಾಲೆಯ ಇಂಗ್ಲಿಷ್ ಒಂದನೇ ತರಗತಿಗೆ ಹುಡುಗನ ಹೆಸರು ದಾಖಲಾಯಿತು. ಅಲ್ಲಿ ಅವನು ಬೇರೆಯಾಗಿ ಕುಳಿತುಕೊಳ್ಳಬೇಕಿತ್ತು. ಕುಳಿತುಕೊಳ್ಳುವ ಗೋಣಿಯನ್ನು ಮನೆಯಿಂದ ತರಬೇಕು, ಮನೆಗೇ ಒಯ್ಯಬೇಕು. ಬಾಯಾರಿದರೆ ಬೇರೆ ಮಕ್ಕಳಂತೆ ನಲ್ಲಿ ತಿರುಗಿಸುವಂತಿಲ್ಲ. ಶಾಲೆಯ ಜವಾನ ಬಂದು ನಲ್ಲಿ ಬಿಡಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಮುಂದೆ ಮುಂಬಯಿಯ ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿ ಒಮ್ಮೆ ಶಿಕ್ಷಕರು ಲೆಕ್ಕ ಬಿಡಿಸಲು ಅವನನ್ನು ಕರೆದಾಗ, ಕಪ್ಪು ಹಲಗೆಯ ಹಿಂದೆ ಬುತ್ತಿ ಇಟ್ಟಿದ್ದ ಹುಡುಗರು ಎದ್ದು ಓಡಿ ಅದನ್ನು ತೆಗೆದುಕೊಂಡರು. ಸಂಸ್ಕೃತ ಕಲಿಯಬೇಕೆಂಬ ಆಸೆ ಇತ್ತು, ಅವಕಾಶ ಸಿಗಲಿಲ್ಲ, ಪರ್ಷಿಯನ್ ತೆಗೆದುಕೊಂಡ. ಇವೆಲ್ಲವೂ ತರಗತಿಯ ಒಳಗೆ, ಶಿಕ್ಷಕರ ಕಣ್ಣೆದುರಿಗೆ ನಡೆದ ಸಂಗತಿಗಳು ಎಂಬುದನ್ನು ಶಿಕ್ಷಕರಾಗಹೊರಟ ನಾವು ಗಮನಿಸಬೇಕು.

1907ರಲ್ಲಿ ಮೆಟ್ರಿಕ್, ಬಳಿಕ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಆಯಿತು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ನಮ್ಮ ಶಿಕ್ಷಣ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಬರುವ ಜಾನ್ ಡ್ಯೂಯಿ ಕೂಡ ಒಬ್ಬರು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ಜೊತೆಗೆ ಗ್ರೇಸ್ ಇನ್‌ನಲ್ಲಿ ಕಾನೂನು ಓದಲು ತೊಡಗಿದರು. ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಹಿಂದಿರುಗಬೇಕಾಯಿತು. ಬರೋಡಾದಲ್ಲಿ ದೊಡ್ಡ ಹುದ್ದೆ ಸಿಕ್ಕರೂ ಇರಲು ಮನೆ ಸಿಗಲಿಲ್ಲ. ತಂಗಿದ್ದ ವಸತಿಗೃಹದಿಂದ ಹೊರಹಾಕಿದರು. 1918ರಿಂದ 1920ರವರೆಗೆ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪ್ರಾಧ್ಯಾಪಕರ ಕೊಠಡಿಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಅಲ್ಲಿಯೂ ಆಕ್ಷೇಪ ಬಂತು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಇವುಗಳಿಂದ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. 1923ರಲ್ಲಿ ಬ್ಯಾರಿಸ್ಟರ್ ಅರ್ಹತೆಯೊಂದಿಗೆ ಮುಂಬಯಿಗೆ ಮರಳಿದರು, ಡಿ.ಎಸ್‌ಸಿ. ಪದವಿಯೂ ಆ ವರ್ಷವೇ ದೊರೆಯಿತು.

ವಕೀಲಿ ವೃತ್ತಿ

ಅದೇ ವರ್ಷ ಅವರು ಮುಂಬಯಿ ಹೈಕೋರ್ಟಿನಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಈ ಅರ್ಹತೆಯವರಿಗೆ ಸರ್ಕಾರಿ ನೌಕರಿ ಸುಲಭವಾಗಿ ಸಿಗುತ್ತಿತ್ತು. ಅವರು ಅದನ್ನು ಬೇಡವೆಂದದ್ದಕ್ಕೆ ಕಾರಣ ಸರಳ. ನೌಕರಿಗೆ ಸೇರಿದರೆ ಸಾರ್ವಜನಿಕ ಕೆಲಸ ಮಾಡುವ ಸ್ವಾತಂತ್ರ್ಯ ಹೋಗುತ್ತದೆ. ವಕೀಲಿಯಲ್ಲಿ ಅನ್ನವೂ ಸ್ವಾತಂತ್ರ್ಯವೂ ಉಳಿಯುತ್ತವೆ.

ಆದರೆ ಅನ್ನ ಸುಲಭವಾಗಿ ಸಿಗಲಿಲ್ಲ. ಆಗಿನ ಹೈಕೋರ್ಟಿನಲ್ಲಿ ಬ್ಯಾರಿಸ್ಟರನಿಗೆ ಕಕ್ಷಿದಾರ ನೇರವಾಗಿ ಮೊಕದ್ದಮೆ ಕೊಡುತ್ತಿರಲಿಲ್ಲ. ಸಾಲಿಸಿಟರುಗಳ ಮೂಲಕ ಬರಬೇಕಿತ್ತು. ದೊಡ್ಡ ಸಾಲಿಸಿಟರುಗಳು ಅಸ್ಪೃಶ್ಯ ವಕೀಲನ ಕಡೆ ನೋಡಲಿಲ್ಲ. ಹೀಗಾಗಿ ಜಿಲ್ಲಾ ಕೋರ್ಟುಗಳ ಸಣ್ಣಪುಟ್ಟ ಪ್ರಕರಣಗಳೇ ಮೊದಲ ವರ್ಷಗಳ ಆಧಾರ. ಖರ್ಚು ತೂಗಿಸಲು ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿದರು. ಸಂಸಾರ ಪರೇಲ್‌ನ ಬಿ.ಐ.ಟಿ. ಚಾಳಿನ ಎರಡು ಕೋಣೆಗಳಲ್ಲಿ. ಕಚೇರಿ ಹತ್ತಿರದ ದಾಮೋದರ ಹಾಲ್‌ನಲ್ಲಿ. 1924ರಲ್ಲಿ ಅವರು ಆರಂಭಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಕಚೇರಿಯೂ ಅದೇ. ಗಿರಣಿ ಕೆಲಸಗಾರರು, ಕೊಂಕಣದ ಗೇಣಿದಾರರು, ಊರಿನಿಂದ ಅರ್ಜಿ ಹಿಡಿದು ಬಂದ ಬಡವರು ಅಲ್ಲಿಗೆ ಬರುತ್ತಿದ್ದರು. ಅವರಲ್ಲಿ ಎಷ್ಟೋ ಜನ ಫೀಸು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ.

ಅವರಿಗೆ ಹೆಸರು ತಂದ ಪ್ರಕರಣ 1926ರದ್ದು. ಪುಣೆಯ ಬ್ರಾಹ್ಮಣೇತರ ಚಳವಳಿಯ ಮುಖಂಡರಾದ ಕೇಶವರಾವ್ ಜೇಧೆ, ದಿನಕರರಾವ್ ಜವಳಕರ ಮೊದಲಾದವರ ಮೇಲೆ ಒಂದು ಪುಸ್ತಕದ ಕಾರಣಕ್ಕೆ ಮಾನನಷ್ಟ ಮೊಕದ್ದಮೆ ಹೂಡಲಾಗಿತ್ತು. ಅಂಬೇಡ್ಕರರು ಅವರ ಪರ ವಾದಿಸಿ ಬಿಡಿಸಿದರು. ಎಲ್ಲ ಪ್ರಕರಣಗಳೂ ಗೆಲುವಿನವಲ್ಲ. 1934ರಲ್ಲಿ, ಸಂತಾನ ನಿಯಂತ್ರಣ ಮತ್ತು ಲೈಂಗಿಕ ಆರೋಗ್ಯದ ಬಗ್ಗೆ ಮರಾಠಿ ಪತ್ರಿಕೆ ನಡೆಸುತ್ತಿದ್ದ ಆರ್. ಡಿ. ಕರ್ವೆ ಅವರ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಅವರ ಪರ ನಿಂತು ಸೋತರು. ಕರ್ವೆ ದಂಡ ತೆರಬೇಕಾಯಿತು. ಜನಪ್ರಿಯವಲ್ಲದ ಪ್ರಕರಣವನ್ನೂ ನ್ಯಾಯವೆಂದು ತೋರಿದರೆ ಅವರು ಹಿಡಿಯುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಇದೇ ಕಾಲದಲ್ಲಿ ಅವರ ಓಡಾಟ ಕನ್ನಡ ನಾಡಿನ ಕಡೆಗೂ ಇತ್ತು. 1925ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅವರ ನೇತೃತ್ವದಲ್ಲಿ ಸೇರಿತು. 1928ರಲ್ಲಿ ಅವರು ಹುಟ್ಟುಹಾಕಿದ ಶಿಕ್ಷಣ ಸಂಸ್ಥೆಯ ಮೂಲಕ ದಲಿತ ವಿದ್ಯಾರ್ಥಿಗಳಿಗಾಗಿ ತೆರೆದ ವಸತಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು.

ಶಾಸನಸಭೆಯ ಮೊದಲ ವರ್ಷಗಳು

1926ರ ಕೊನೆಗೆ ಸರ್ಕಾರ ಅವರನ್ನು ಮುಂಬಯಿ ಶಾಸನ ಪರಿಷತ್ತಿಗೆ ನಾಮಕರಣ ಮಾಡಿತು. ನಾಮಕರಣ ಎಂದರೇನೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆಗ ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. ಆಸ್ತಿ, ಕಂದಾಯದ ಲೆಕ್ಕದಲ್ಲಿ ಕೆಲವರಿಗೆ ಮಾತ್ರ ಇತ್ತು. ಬಡವರು ಆರಿಸಿ ಕಳಿಸುವ ದಾರಿಯೇ ಇಲ್ಲದ್ದರಿಂದ ದಲಿತರ ಪರವಾಗಿ ಸರ್ಕಾರವೇ ಒಬ್ಬಿಬ್ಬರನ್ನು ನೇಮಿಸುತ್ತಿತ್ತು. ಅಂಬೇಡ್ಕರರೊಂದಿಗೆ ಡಾ. ಪಿ. ಜಿ. ಸೋಳಂಕಿ ಅವರೂ ಹೀಗೆ ನೇಮಕಗೊಂಡರು. ಇಡೀ ಸಭೆಯಲ್ಲಿ ಇಬ್ಬರು! ಮತಕ್ಕೆ ಹಾಕಿದರೆ ಗೆಲ್ಲುವ ಮಾತೇ ಇಲ್ಲ. ಅವರ ಕೈಯಲ್ಲಿದ್ದದ್ದು ಅಂಕಿಅಂಶ ಮತ್ತು ವಾದ ಮಾತ್ರ.

1927ರ ಫೆಬ್ರವರಿಯ ಮೊದಲ ಬಜೆಟ್ ಭಾಷಣದಲ್ಲಿಯೇ ಅವರು ಭೂಕಂದಾಯದ ಅನ್ಯಾಯವನ್ನು ಎತ್ತಿದರು. ಆದಾಯ ತೆರಿಗೆಯಲ್ಲಿ ಕಡಿಮೆ ಆದಾಯದವರಿಗೆ ವಿನಾಯಿತಿ ಇದೆ. ಭೂಮಿಯ ವಿಷಯದಲ್ಲಿ ಮಾತ್ರ ಒಂದೆರಡು ಎಕರೆಯ ಬಡ ರೈತನೂ ದೊಡ್ಡ ಜಮೀನ್ದಾರನೂ ಒಂದೇ ದರದಲ್ಲಿ ಕಟ್ಟಬೇಕು. ಬೆಳೆ ಬಂದರೂ ಕಟ್ಟಬೇಕು, ಬಾರದಿದ್ದರೂ ಕಟ್ಟಬೇಕು. ಇದು ಅವರ ತಕರಾರು.

ಮರುತಿಂಗಳು ಶಿಕ್ಷಣದ ಅನುದಾನದ ಮೇಲೆ ಮಾತನಾಡಿದರು. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತಿಳಿದಿರಬೇಕಾದ ಭಾಷಣವಿದು. ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟುವವರು 18 ಮಂದಿ. ಉಳಿದ 82 ಮಕ್ಕಳು ಮತ್ತೆ ಅನಕ್ಷರತೆಗೆ ಜಾರುತ್ತಾರೆ ಎಂದು ಲೆಕ್ಕ ಕೊಟ್ಟರು. ಸರ್ಕಾರ ತಲೆಗೆ 14 ಆಣೆಯಷ್ಟನ್ನು ಶಿಕ್ಷಣಕ್ಕೆ ಖರ್ಚು ಮಾಡುತ್ತಾ ಅಬಕಾರಿಯಿಂದ ತಲೆಗೆ ಎರಡು ರೂಪಾಯಿಗೂ ಹೆಚ್ಚು ವಸೂಲಿ ಮಾಡುತ್ತಿದೆ ಎಂದು ತೋರಿಸಿದರು. ಹೆಂಡ ಸಾರಾಯಿಯಿಂದ ಜನರ ಕೈಯಿಂದ ಕಿತ್ತುಕೊಂಡಷ್ಟನ್ನಾದರೂ ಶಿಕ್ಷಣದ ರೂಪದಲ್ಲಿ ಅವರಿಗೆ ಹಿಂದಿರುಗಿಸಬೇಕೆಂಬುದು ಅವರ ಬೇಡಿಕೆ. ಮಗು ಶಾಲೆಗೆ ಸೇರಿತು ಎಂಬುದಕ್ಕಿಂತ ಎಷ್ಟು ವರ್ಷ ಉಳಿಯಿತು ಎಂಬುದೇ ಮುಖ್ಯವೆಂದು ಅವರು ಕಂಡುಕೊಂಡಿದ್ದರು.

1928ರ ಜುಲೈಯಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಬಂದಾಗ ಅದನ್ನು ಬೆಂಬಲಿಸಿದರು. ತಾಯಿಗೆ ಹೆರಿಗೆಯ ಮುಂಚೆ ಮತ್ತು ನಂತರ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ ಎಂಬುದು ಅವರ ನಿಲುವು. 1929ರಲ್ಲಿ ಅದು ಕಾನೂನಾಯಿತು.

ಆದರೆ ಅವರು ತಾವೇ ಮಂಡಿಸಿದ ಮಸೂದೆಯ ಗತಿ ಬೇರೆ. 1928ರ ಮಾರ್ಚ್‌ನಲ್ಲಿ ಅವರು ವತನ ಕಾಯಿದೆಯ ತಿದ್ದುಪಡಿ ಮಂಡಿಸಿದರು. 1874ರ ಆ ಕಾಯಿದೆಯ ಪ್ರಕಾರ ಮಹಾರರು ಹಗಲು ರಾತ್ರಿಯೆನ್ನದೆ ಊರಿನ ಮತ್ತು ಸರ್ಕಾರಿ ಅಧಿಕಾರಿಗಳ ಚಾಕರಿ ಮಾಡಬೇಕಿತ್ತು. ಮನೆಯ ಯಜಮಾನ ಇಲ್ಲದಿದ್ದರೆ ಮನೆಯವರಲ್ಲಿ ಇನ್ನೊಬ್ಬರು ಹೋಗಬೇಕು. ಪ್ರತಿಫಲವಾಗಿ ತುಂಡು ಇನಾಮು ಭೂಮಿ, ಊರವರು ಸುಗ್ಗಿಯಲ್ಲಿ ಕೊಡುವ ಕಾಳು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆಯ ಎನ್ನುವಂಥದ್ದು. ಪೂರ್ತಿ ಕಂದಾಯ ಕಟ್ಟಿ ಭೂಮಿಯನ್ನು ತಮ್ಮದಾಗಿಸಿಕೊಂಡು ಈ ಚಾಕರಿಯಿಂದ ಬಿಡುಗಡೆ ಪಡೆಯಲು ದಾರಿ ಇರಬೇಕು, ಚಾಕರಿಯಲ್ಲಿ ಉಳಿಯುವವರಿಗೆ ಹಣದ ಸಂಬಳ ಸಿಗಬೇಕು ಎಂಬುದು ಮಸೂದೆಯ ಸಾರ. ಬೆಂಬಲ ಸಿಗದೆ 1929ರಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಕೀಳು ವತನಗಳನ್ನು ರದ್ದುಗೊಳಿಸುವ ಕಾನೂನು ಬಂದದ್ದು 1958ರಲ್ಲಿ. ಅದನ್ನು ನೋಡಲು ಅಂಬೇಡ್ಕರರು ಇರಲಿಲ್ಲ.

ಚವದಾರ್ ಕೆರೆಯ ದಾವೆ

ಅಂಬೇಡ್ಕರರ ವಕೀಲಿಯೂ ಶಾಸಕತ್ವವೂ ಸೇರುವ ಜಾಗ ಒಂದು ಕೆರೆ. ಮಹಾಡ್ ಎಂಬುದು ಕೊಲಾಬಾ ಜಿಲ್ಲೆಯ, ಅಂದರೆ ಈಗಿನ ರಾಯಗಡ ಜಿಲ್ಲೆಯ, ಒಂದು ಪಟ್ಟಣ. ಅಲ್ಲಿನ ಚವದಾರ್ ಕೆರೆಯ ನೀರನ್ನು ಎಲ್ಲ ಧರ್ಮದವರೂ ಬಳಸುತ್ತಿದ್ದರು. ದನಕರುಗಳಿಗೂ ಅಡ್ಡಿ ಇರಲಿಲ್ಲ. ಅಸ್ಪೃಶ್ಯರಿಗೆ ಮಾತ್ರ ಇತ್ತು.

ಇದರಲ್ಲಿ ಕಾನೂನಿನ ಕೊರತೆ ಇರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1923ರ ಆಗಸ್ಟ್‌ನಲ್ಲಿ ಎಸ್. ಕೆ. ಬೋಳೆ ಅವರು ಮಂಡಿಸಿದ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು ಒಪ್ಪಿತ್ತು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುವ ಕೆರೆ ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬುದು ಅದರ ಅರ್ಥ. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಕೆರೆ ಎಲ್ಲರಿಗೂ ತೆರೆದಿದೆ ಎಂದು ಗೊತ್ತುವಳಿ ಮಾಡಿತು. ಆದರೂ ಮೂರು ವರ್ಷ ಒಬ್ಬ ಅಸ್ಪೃಶ್ಯನೂ ಅಲ್ಲಿ ನೀರು ಮುಟ್ಟಲಿಲ್ಲ. ಮುಟ್ಟಿದರೆ ಏನಾಗುವುದೆಂದು ಎಲ್ಲರಿಗೂ ಗೊತ್ತಿತ್ತು.

ಪಾಠ ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು, ಸರ್ಕಾರವೇ ಕುಡಿಯಬಹುದು ಎಂದ ಮೇಲೆ ಯಾಕೆ ಕುಡಿಯಲಿಲ್ಲ ಎಂದು ಕೇಳಿದ. ನಾನು ಉತ್ತರವನ್ನು ತರಗತಿಗೇ ಬಿಟ್ಟೆ. ಹೆದರಿಕೆ, ಹೊಡೆತ, ಕೂಲಿ ತಪ್ಪುವುದು, ಊರು ಬಿಡಿಸುವುದು ಎಂದು ಮಕ್ಕಳೇ ಒಂದೊಂದಾಗಿ ಕಾರಣ ಹೇಳಿದರು. ಕಪ್ಪು ಹಲಗೆಯ ಮೇಲೆ ಆ ಪಟ್ಟಿ ಬರೆದ ಮೇಲೆ ಮುಂದಿನದನ್ನು ವಿವರಿಸುವುದು ಕಷ್ಟವಾಗಲಿಲ್ಲ.

1927ರ ಮಾರ್ಚ್ 19 ಮತ್ತು 20ರಂದು ಮಹಾಡಿನಲ್ಲಿ ಪರಿಷತ್ತು ಸೇರಿತು. ಎರಡನೇ ದಿನ ಅಂಬೇಡ್ಕರರು ಸಾಲಿನ ಮುಂದೆ ನಡೆದು ಕೆರೆಗಿಳಿದು ಬೊಗಸೆ ನೀರು ಕುಡಿದರು. ಹಿಂದೆ ಬಂದವರೆಲ್ಲ ಕುಡಿದರು. ಅವರು ಶಾಸನ ಪರಿಷತ್ತಿನ ಸದಸ್ಯರಾಗಿ ಆಗಿನ್ನೂ ಒಂದೆರಡು ತಿಂಗಳಷ್ಟೇ ಆಗಿತ್ತು. ತಮ್ಮದೇ ಸಭೆಯ ನಿರ್ಣಯವನ್ನು ಜಾರಿಗೆ ತರಲು ಶಾಸಕರೊಬ್ಬರು ಕೆರೆಗೆ ಇಳಿಯಬೇಕಾಯಿತು. ಸ್ವಲ್ಪ ಹೊತ್ತಿನಲ್ಲಿ, ಇವರು ವೀರೇಶ್ವರ ದೇವಾಲಯಕ್ಕೂ ನುಗ್ಗುತ್ತಾರೆ ಎಂಬ ಗಾಳಿಮಾತು ಹಬ್ಬಿತು. ಊಟ ಮಾಡುತ್ತಿದ್ದ, ಊರಿಗೆ ಹೊರಟಿದ್ದ ಜನರ ಮೇಲೆ ದೊಣ್ಣೆಯ ಏಟು ಬಿತ್ತು. ತಿರುಗಿ ಹೊಡೆಯಲು ಸಿದ್ಧರಾಗಿದ್ದ ತಮ್ಮವರನ್ನು ಅಂಬೇಡ್ಕರರು ತಡೆದರು. ಊರಿನವರು 108 ಮಡಕೆ ಪಂಚಗವ್ಯದಿಂದ ಕೆರೆಯನ್ನು ಶುದ್ಧಿ ಮಾಡಿಕೊಂಡರು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಹಳೆಯ ಗೊತ್ತುವಳಿಯನ್ನೇ ರದ್ದುಮಾಡಿತು.

ಡಿಸೆಂಬರ್ 25ರಿಂದ ಸತ್ಯಾಗ್ರಹ ಎಂದು ಅಂಬೇಡ್ಕರರು ಘೋಷಿಸಿದರು. ಅದಕ್ಕೆ ಕೆಲವೇ ದಿನ ಮುಂಚೆ, ಡಿಸೆಂಬರ್ 12ರಂದು, ಊರಿನ ಕೆಲವು ಸವರ್ಣೀಯರು ಮಹಾಡಿನ ಕೋರ್ಟಿನಲ್ಲಿ ದಾವೆ ಹೂಡಿದರು. ಕೆರೆ ಸಾರ್ವಜನಿಕವಲ್ಲ, ಅನಾದಿ ಕಾಲದಿಂದ ಅದರ ನೀರು ತಮಗೇ ಮೀಸಲು ಎಂಬುದು ಅವರ ವಾದ. ಪ್ರತಿವಾದಿಗಳಲ್ಲಿ ಮೊದಲ ಹೆಸರು ಅಂಬೇಡ್ಕರರದ್ದು. ಎರಡು ದಿನಗಳಲ್ಲಿ ಕೋರ್ಟು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು.

ಆ ವಾರ ಅವರ ಮುಂದೆ ಇದ್ದ ಸಂದಿಗ್ಧ ದೊಡ್ಡದು. ಸಾವಿರಾರು ಜನ ಜೈಲಿಗೆ ಸಿದ್ಧರಾಗಿ ಬುತ್ತಿ ಕಟ್ಟಿಕೊಂಡು ಮಹಾಡಿಗೆ ಬಂದಿದ್ದಾರೆ. ಇನ್ನೊಂದು ಕಡೆ ಕೋರ್ಟಿನ ಆಜ್ಞೆ ಇದೆ. ಕಾನೂನು ಜಾರಿಯಾಗಲಿ ಎಂದು ಕೇಳುತ್ತಿರುವವರೇ ಅದನ್ನು ಮುರಿದರೆ ತಮ್ಮ ಬೇಡಿಕೆಯ ಬುಡವೇ ಅಲುಗುತ್ತದೆ. ಜಿಲ್ಲಾ ಕಲೆಕ್ಟರ್ ಸಹ ಬಂದು ಸಭೆಯೊಂದಿಗೆ ಮಾತನಾಡಿದರು. ಚರ್ಚೆ ನಡೆದು ಸತ್ಯಾಗ್ರಹವನ್ನು ಮುಂದೂಡುವ ತೀರ್ಮಾನವಾಯಿತು. ಜನ ಮೆರವಣಿಗೆಯಲ್ಲಿ ಕೆರೆಯನ್ನು ಸುತ್ತಿ, ನೀರು ಮುಟ್ಟದೆ ಹಿಂದಿರುಗಿದರು. ಅದೇ ಪರಿಷತ್ತಿನಲ್ಲಿ ಡಿಸೆಂಬರ್ 25ರ ರಾತ್ರಿ, ಅಸ್ಪೃಶ್ಯತೆಗೆ ಶಾಸ್ತ್ರದ ಆಧಾರವೆಂದು ತೋರಿಸಲಾಗುತ್ತಿದ್ದ ಮನುಸ್ಮೃತಿಯನ್ನು ಸುಡಲಾಯಿತು. ಶಾಸ್ತ್ರವನ್ನು ಸುಟ್ಟವರು ಕೋರ್ಟಿನ ಆಜ್ಞೆಯನ್ನು ಪಾಲಿಸಿದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವರ ಮನಸ್ಸು ಅರ್ಥವಾಗುತ್ತದೆ. ಯಾವ ನಿಯಮವನ್ನು ಬದಲಾಯಿಸಲು ದಾರಿ ಇದೆಯೋ ಅದರೊಳಗೆ ನಿಂತು ಹೋರಾಡಬೇಕು. ಬದಲಾವಣೆಗೆ ಬಾಗಿಲೇ ಇಲ್ಲದ ನಿಯಮವನ್ನು ಒಪ್ಪಬಾರದು.

ದಾವೆ ಮಾತ್ರ ಆಮೆಯ ನಡಿಗೆಯಲ್ಲಿ ಸಾಗಿತು. 1931ರಲ್ಲಿ ಮಹಾಡಿನ ಕೋರ್ಟು ವಾದಿಗಳ ವಿರುದ್ಧ ತೀರ್ಪು ಕೊಟ್ಟಿತು. ಅವರು ಠಾಣೆಯ ಕೋರ್ಟಿಗೆ ಹೋದರು. 1933ರಲ್ಲಿ ಅಲ್ಲಿಯೂ ಸೋತರು. ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ನ್ಯಾಯಮೂರ್ತಿಗಳಾದ ಬ್ರೂಮ್‌ಫೀಲ್ಡ್ ಮತ್ತು ವಾಡಿಯಾ ಕೊನೆಯ ಮೇಲ್ಮನವಿಯನ್ನು ತಳ್ಳಿಹಾಕಿದರು. 1922ರಲ್ಲಿ ಗಾಂಧೀಜಿಯವರ ವಿಚಾರಣೆ ನಡೆಸಿದ್ದವರು ಇದೇ ಬ್ರೂಮ್‌ಫೀಲ್ಡ್. ಅನಾದಿ ಕಾಲದ ರೂಢಿ ಎಂದು ವಾದಿಗಳು ಹೇಳಿದ್ದು ಸಾಬೀತಾಗಿಲ್ಲ ಎಂಬುದು ತೀರ್ಪಿನ ಆಧಾರ. ರೂಢಿ ಸಾಬೀತಾಗಿದ್ದರೆ ಅದು ನ್ಯಾಯವೇ ಅಲ್ಲವೇ ಎಂಬ ಪ್ರಶ್ನೆಯನ್ನು ಕೋರ್ಟು ಎತ್ತಿಕೊಳ್ಳಲಿಲ್ಲ. ಗೆಲುವು ಸಿಕ್ಕಿತು, ಆದರೆ ಮನುಷ್ಯರನ್ನು ನೀರಿನಿಂದ ದೂರವಿಡುವುದೇ ತಪ್ಪು ಎಂಬ ಮಾತು ಕಾನೂನಿನಲ್ಲಿ ಇನ್ನೂ ಬರೆಯಬೇಕಾಗಿತ್ತು. ಬೊಗಸೆ ನೀರು ಕುಡಿದ ದಿನದಿಂದ ಕೊನೆಯ ತೀರ್ಪಿಗೆ ಸುಮಾರು ಹತ್ತು ವರ್ಷ.

ಚುನಾಯಿತ ಶಾಸಕ

ಈ ನಡುವೆ 1930ರಿಂದ 1932ರವರೆಗಿನ ದುಂಡುಮೇಜಿನ ಪರಿಷತ್ತುಗಳು, 1932ರ ಪುಣೆ ಒಪ್ಪಂದ ಎಲ್ಲ ಪಠ್ಯಪುಸ್ತಕಗಳಲ್ಲೂ ಇವೆ, ಇಲ್ಲಿ ವಿವರಿಸುವುದಿಲ್ಲ. 1935ರ ಮೇ 27ರಂದು ಪತ್ನಿ ರಮಾಬಾಯಿ ತೀರಿಕೊಂಡರು. ಹುಟ್ಟಿದ ಮಕ್ಕಳಲ್ಲಿ ಯಶವಂತನೊಬ್ಬನೇ ಉಳಿದಿದ್ದ. ಕೆಲವೇ ದಿನಗಳಲ್ಲಿ ಅಂಬೇಡ್ಕರರು ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾಗಿ ಅಧಿಕಾರ ವಹಿಸಿಕೊಂಡರು. ಮೊದಲು 1928ರಲ್ಲಿ ಅಲ್ಲಿಯೇ ಅರೆಕಾಲಿಕ ಪ್ರಾಧ್ಯಾಪಕರಾಗಿದ್ದವರು. ಈಗ 1938ರವರೆಗೆ ಸಂಸ್ಥೆಯ ಮುಖ್ಯಸ್ಥರು. ಕೋರ್ಟಿನಲ್ಲಿ ತಮ್ಮದೇ ದಾವೆಯ ಪ್ರತಿವಾದಿ, ಕಾಲೇಜಿನಲ್ಲಿ ಕಾನೂನಿನ ಗುರು, ಸಭೆಯಲ್ಲಿ ಕಾನೂನು ರೂಪಿಸುವ ಸದಸ್ಯ. ಮೂರೂ ಏಕಕಾಲಕ್ಕೆ ನಡೆದವು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. 1937ರ ಚುನಾವಣೆಯಲ್ಲಿ ಪಕ್ಷ 17 ಸ್ಥಾನಗಳಿಗೆ ನಿಂತು ಬಹುಪಾಲನ್ನು ಗೆದ್ದಿತು. ಅಂಬೇಡ್ಕರರು ಮುಂಬಯಿ ನಗರದಿಂದ ಆರಿಸಿಬಂದರು. ಅವರ ಎದುರು ಕಾಂಗ್ರೆಸ್ಸಿನಿಂದ ನಿಂತವರು ಧಾರವಾಡದಲ್ಲಿ ಹುಟ್ಟಿದ ಪ್ರಸಿದ್ಧ ಕ್ರಿಕೆಟ್ ಬೌಲರ್ ಪಾಲ್ವಣಕರ್ ಬಾಳೂ. ಅವರೂ ದಲಿತರೇ. ಅಂಬೇಡ್ಕರರಿಗೆ ಸಿಕ್ಕಿದ್ದು 13,245 ಮತ, ಬಾಳೂ ಅವರಿಗೆ 11,225. ಹತ್ತು ವರ್ಷ ನಾಮಕರಣದಿಂದ ಕುಳಿತಿದ್ದವರು ಈಗ ಜನರ ಮತದಿಂದ ಸಭೆಗೆ ಬಂದರು.

1937ರ ಸೆಪ್ಟೆಂಬರ್‌ನಲ್ಲಿ ಖೋತಿ ಪದ್ಧತಿಯನ್ನು ರದ್ದುಗೊಳಿಸುವ ಮಸೂದೆ ಮಂಡಿಸಿದರು. ಕೊಂಕಣದಲ್ಲಿ ಖೋತ ಎಂಬ ಮಧ್ಯವರ್ತಿ ಸರ್ಕಾರದ ಪರವಾಗಿ ಕಂದಾಯ ಎತ್ತುತ್ತಿದ್ದ. ಉಳುವವನ ಮೇಲೆ ಮನಬಂದಂತೆ ಹೇರುತ್ತಿದ್ದ. ಖೋತನಿಗೆ ಪರಿಹಾರ ಕೊಟ್ಟು ಪದ್ಧತಿಯನ್ನು ತೆಗೆದು ಉಳುವವನಿಗೆ ಹಕ್ಕು ಕೊಡಬೇಕೆಂಬುದು ಮಸೂದೆ. 1938ರ ಜನವರಿಯಲ್ಲಿ ಸಾವಿರಾರು ರೈತರು ಮುಂಬಯಿಯಲ್ಲಿ ಶಾಸನಸಭೆಯತ್ತ ಮೆರವಣಿಗೆ ಬಂದರು. ಆಗ ಮಸೂದೆ ಪಾಸಾಗಲಿಲ್ಲ. ಖೋತಿ ರದ್ದಾದದ್ದು 1949ರ ಕಾನೂನಿನಿಂದ. ಮುಷ್ಕರದ ಹಕ್ಕನ್ನು ಬಿಗಿಗೊಳಿಸುವ ಕೈಗಾರಿಕಾ ವಿವಾದ ಮಸೂದೆಯನ್ನು 1938ರಲ್ಲಿ ವಿರೋಧಿಸಿದರು. ಕೆಲಸ ಮಾಡೆನೆಂದವನನ್ನು ಶಿಕ್ಷಿಸುವುದು ಗುಲಾಮಗಿರಿಗೆ ಹತ್ತಿರ ಎಂಬುದು ಅವರ ವಾದ. ಮಸೂದೆ ಪಾಸಾಯಿತು, ನವೆಂಬರ್ 7ರಂದು ಕಾರ್ಮಿಕರು ಮುಷ್ಕರ ಹೂಡಿದರು.

ಕನ್ನಡಿಗರಿಗೆ ಹಿತವಾಗದ ಒಂದು ಸಂಗತಿಯನ್ನೂ ಹೇಳಬೇಕು. 1938ರ ಏಪ್ರಿಲ್‌ನಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತದ ನಿರ್ಣಯ ಸಭೆಗೆ ಬಂದಾಗ ಅಂಬೇಡ್ಕರರು ಅದನ್ನು ವಿರೋಧಿಸಿದರು. ಭಾಷೆಯ ಅಭಿಮಾನ ಭಾರತೀಯರೆಂಬ ಭಾವನೆಯನ್ನು ಒಡೆಯಬಾರದು, ಹೊಸ ಪ್ರಾಂತದಲ್ಲಿ ದೊಡ್ಡ ಜಾತಿಗಳ ಕೈ ಮೇಲಾಗಿ ಸಣ್ಣವರು ತುಳಿತಕ್ಕೊಳಗಾಗಬಾರದು ಎಂಬ ಆತಂಕ ಅವರದು. ಮುಂದೆ 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಪುಸ್ತಕ ಬರೆದಾಗ ಒಂದು ರಾಜ್ಯಕ್ಕೆ ಒಂದು ಭಾಷೆ ಎಂಬ ತತ್ತ್ವವನ್ನು ಎಚ್ಚರಿಕೆಯ ಷರತ್ತುಗಳೊಂದಿಗೆ ಒಪ್ಪಿದರು. ದೊಡ್ಡವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಲೇಬೇಕೆಂದಿಲ್ಲ. ಕಾರಣ ತಿಳಿದು ಚರ್ಚಿಸಬೇಕು. ಮಕ್ಕಳಿಗೆ ಇದನ್ನು ಮುಚ್ಚಿಡಬಾರದೆಂದು ನನ್ನ ಅಭಿಪ್ರಾಯ.

1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಅವರು ದೆಹಲಿಗೆ ಹೋದರು. ಅಲ್ಲಿಗೆ ಮುಂಬಯಿಯ ಅಧ್ಯಾಯ ಮುಗಿಯಿತು. 1947ರ ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು. ಅವರು ಅದರ ಅಧ್ಯಕ್ಷರಾದರು. 1956ರ ಡಿಸೆಂಬರ್ 6ರಂದು ನಿಧನರಾದರು.

ಸಂವಿಧಾನದಲ್ಲಿ ಒಂದು ಕೆರೆ

ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನು ತರಗತಿಯಲ್ಲಿ ತೆರೆದು ಓದಿಸಿದರೆ ಈ ಪಾಠ ತಾನಾಗಿ ಪೂರ್ಣವಾಗುತ್ತದೆ. ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಬಳಸಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಅಲ್ಲಿದೆ. ದೇಶದ ಮೂಲ ಕಾನೂನಿನಲ್ಲಿ ಬಾವಿ, ಕೆರೆಗಳ ಹೆಸರು ಯಾಕೆ ಬರಬೇಕು ಎಂದು ಕೇಳಿ ನೋಡಿ. ಮಹಾಡಿನ ಕಥೆ ಕೇಳಿದ ಮಕ್ಕಳು ಉತ್ತರ ಹೇಳುತ್ತಾರೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ನಿಷೇಧಿಸುತ್ತದೆ. ಹೈಕೋರ್ಟು 1937ರಲ್ಲಿ ಕೈಹಾಕದೆ ಬಿಟ್ಟ ಪ್ರಶ್ನೆಗೆ 1950ರಲ್ಲಿ ಜಾರಿಗೆ ಬಂದ ಸಂವಿಧಾನ ನೇರವಾಗಿ ಉತ್ತರಿಸಿತು.

ಈ ಪಾಠಕ್ಕೆ ನಾನು ಎರಡು ಸಾಲುಗಳ ಕಾಲರೇಖೆ ಮಾಡಿದ್ದೆ. ಮೇಲಿನ ಸಾಲಿನಲ್ಲಿ ಕೇಳಿದ ವರ್ಷ, ಕೆಳಗಿನ ಸಾಲಿನಲ್ಲಿ ಸಿಕ್ಕ ವರ್ಷ. ಕೆರೆಯ ನೀರು: 1927, 1937. ಖೋತಿ ರದ್ದತಿ: 1937, 1949. ವತನದಿಂದ ಬಿಡುಗಡೆ: 1928, 1958. ನಡುವಿನ ಅಂತರವನ್ನು ಮಕ್ಕಳೇ ಕಳೆದು ಲೆಕ್ಕ ಹಾಕಿದರು. ಹತ್ತು, ಹನ್ನೆರಡು, ಮೂವತ್ತು. ಸೋತ ಮಸೂದೆ ಅಲ್ಲಿಗೇ ಸಾಯುವುದಿಲ್ಲ, ಸರಿಯಾದ ವಾದವನ್ನು ದಾಖಲೆಯಲ್ಲಿ ಇಟ್ಟರೆ ಮುಂದಿನವರು ಎತ್ತಿಕೊಳ್ಳುತ್ತಾರೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಉಪಕರಣ ನನಗೆ ಸಿಗಲಿಲ್ಲ.

ಮುಂದಿನ ಅಭ್ಯಾಸ ಪಾಠಕ್ಕೆ ಹೋಗುವ ಸಹಪಾಠಿಗಳಿಗೆ ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. 1927ರ ಶಿಕ್ಷಣದ ಭಾಷಣವನ್ನು ವಿವರಿಸಿದ ಬಳಿಕ, ಮುಖ್ಯ ಶಿಕ್ಷಕರ ಅನುಮತಿ ಪಡೆದು ಅದೇ ಶಾಲೆಯ ಹಾಜರಿ ಪುಸ್ತಕದಿಂದ ಎರಡು ಸಂಖ್ಯೆಗಳನ್ನು ಮಾತ್ರ ತನ್ನಿ. ಈ ಮಕ್ಕಳು ಎಂಟನೇ ತರಗತಿಗೆ ಸೇರಿದಾಗ ಎಷ್ಟು ಜನರಿದ್ದರು, ಇಂದು ಎಷ್ಟು ಜನ ಬೆಂಚಿನ ಮೇಲಿದ್ದಾರೆ. ಯಾರ ಹೆಸರೂ ಬೇಡ. ವ್ಯತ್ಯಾಸವಿದ್ದರೆ ಕಾರಣವನ್ನು ಮಕ್ಕಳೇ ಯೋಚಿಸಲಿ. ಶಾಸನಸಭೆಯಲ್ಲಿ ಅಂಬೇಡ್ಕರರು ಕೇಳಿದ ಆ 82 ಮಕ್ಕಳ ಪ್ರಶ್ನೆಯನ್ನು ಮೊದಲು ಎದುರಿಸಬೇಕಾದವರು ತರಗತಿಯಲ್ಲಿ ನಿಂತಿರುವ ನಾವು.